ಗಾಡಿ ನನ್ನದು, ಮಾತೆಲ್ಲ ಸಾರ್ ಜತೆ

“ಮೊದ್ಲು ಫ್ರೇಮಿನ ತುಕ್ಕು ಕೆರೀರಿ, ಆಮೇಲೆ ರಬ್ಬರ್ ಹಾಕಿ” ಎಂದು ನಾನು ಹೇಳಿದರೆ, ಶಿವಾಜಿನಗರದ ಆ ಗಾಜಿನ ಮೇಸ್ತ್ರಿ ನನ್ನ ಗಂಡನ ಕಡೆ ತಿರುಗಿ, “ಸಾರ್, ಮೇಡಮ್‌ಗೆ ಟೀ ಕುಡಿಸ್ಕೊಂಡು ಬನ್ನಿ, ನಾವ್ ನೋಡ್ಕೋತೀವಿ” ಎಂದ.

ಆ ಹಳೆಯ ಪಿಕಪ್ ಅಪ್ಪನದು, ಈಗ ನನ್ನದು. ದಿನಾ ಅದರಲ್ಲಿ ರಸೆಲ್ ಮಾರುಕಟ್ಟೆಯಿಂದ ಹೂವು ತರುವವಳು ನಾನು. ಬಿರುಕುಬಿಟ್ಟ ಮುಂದಿನ ಗಾಜು ಬದಲಿಸಲು ಸರಿಹೊಂದುವ ರಬ್ಬರ್ ಹುಡುಕಿ ತಂದವಳೂ ನಾನೇ. ಗಂಡನಿಗೆ ಸ್ಕೂಟರ್ ಬಿಟ್ಟರೆ ಬೇರೇನೂ ಓಡಿಸಲು ಬರುವುದಿಲ್ಲ. ಅವರೇ ಹಾಗೆಂದು ಹೇಳಿದರೂ ಮೇಸ್ತ್ರಿ ಕಿವಿಗೆ ಹಾಕಿಕೊಳ್ಳಲಿಲ್ಲ. ಗಾಜಿನ ಸುತ್ತ ರಬ್ಬರ್ ತೊಡಿಸಿ, ಅದರ ಸಂದಿಗೆ ಹುರಿ ಸಿಕ್ಕಿಸಿ, ಒಳಗಿನಿಂದ ಎಳೆದೆಳೆದು ತುಕ್ಕಿನ ಮೇಲೆಯೇ ಕೂರಿಸಿಬಿಟ್ಟ.

ನಾನೇ ಒಂದು ಬಕೆಟ್ ನೀರು ತಂದು ಗಾಜಿನ ಮೇಲೆ ಸುರಿದೆ. ನಾನು ಮೊದಲೇ ಬೆರಳಿಟ್ಟು ತೋರಿಸಿದ್ದ ತುಕ್ಕಿನ ಜಾಗದಿಂದಲೇ ನೀರು ಒಳಗಿನ ಸೀಟಿಗೆ ತೊಟ್ಟಿಕ್ಕಿತು. ಮೇಸ್ತ್ರಿ ತಲೆ ಕೆರೆದುಕೊಂಡು ನನ್ನ ಗಂಡನನ್ನು ಕೇಳಿದ: “ತುಕ್ಕಿದೆ ಅಂತ ಮೊದ್ಲೇ ಹೇಳ್ಬಾರ್ದಿತ್ತಾ ಸಾರ್?”

ಮೈಯೆಲ್ಲ ಉರಿದುಹೋಯಿತು. ಗಾಜು ಬಿಚ್ಚಿಸಿ, ತುಕ್ಕು ಕೆರೆಸಿ, ಮತ್ತೆ ಕೂರಿಸುವವರೆಗೂ ಅಲ್ಲಿಂದ ಕದಲಲಿಲ್ಲ. ಈಗ ಎಂಥ ಮಳೆಗೂ ಒಳಗೆ ಹನಿ ಬೀಳುವುದಿಲ್ಲ. ಮೊನ್ನೆ ಮೇಸ್ತ್ರಿ ಫೋನ್ ಮಾಡಿ, ಗಾಜು ಹೇಗಿದೆ ಎಂದು ವಿಚಾರಿಸಿದ. ನನ್ನನ್ನಲ್ಲ, ಸಾರ್ ಅವರನ್ನು.