ಬುಗುಡಿ ಚುಚ್ಚಿಸಿದ ಕಿವಿ

ನನ್ನ ತಲೆಯ ಮೇಲಿನ ಸೆರಗು ಜಾರಿದ್ದನ್ನು ಬೇಗೂರಿನಲ್ಲಿ ಯಾರೂ ನೋಡಿಲ್ಲ. ಎಷ್ಟು ಗಾಂಭೀರ್ಯದ ಹೆಂಗಸು ಎಂದು ನೆಂಟರು ಹೊಗಳುತ್ತಿದ್ದರು. ನಿಮ್ಮ ತಾತ ಹೋದ ಮೇಲೆ ಆ ಮಾತು ಇನ್ನೂ ಹೆಚ್ಚಾಯಿತು. ಮಕ್ಕಳೇ, ಅದು ಗಾಂಭೀರ್ಯವಲ್ಲ. ನನ್ನ ಬಲಗಿವಿಯ ಮೇಲಂಚಿನಲ್ಲಿ ಗೋಲಿ ಗಾತ್ರದ ಗಂಟಿತ್ತು. ಅದನ್ನು ಮುಚ್ಚಿಕೊಳ್ಳುತ್ತಿದ್ದೆ.

ಮದುವೆಯಾದ ಹೊಸದರಲ್ಲಿ ಅತ್ತೆ ತಮ್ಮ ಬುಗುಡಿ ಕೊಟ್ಟರು. ಅದನ್ನು ಹಾಕಿಕೊಳ್ಳಲು ಕಿವಿಯ ಮೇಲುಗಡೆ ತೂತು ಬೇಕು. ಅಂಗಳದಲ್ಲಿ ಕೂರಿಸಿ ಬಲಗಿವಿಗೆ ಚುಚ್ಚಿದರು, ಅದು ಆರಿದ ಮೇಲೆ ಎಡಕ್ಕೆ ಎಂದರು. ಅರಿಸಿನ, ಕೊಬ್ಬರಿ ಎಣ್ಣೆ ಹಚ್ಚಿದರು. ಗಾಯ ಆರಿತು, ಆದರೆ ಆರಿದ ಜಾಗ ಅವರೆಕಾಳಿನಷ್ಟು ಊದಿ ಬೆಳೆಯಿತು. ನಾನು ಬದನೆಕಾಯಿ ತಿಂದು ನಂಜು ಮಾಡಿಕೊಂಡೆ ಎಂದು ಅತ್ತೆ ಬೈದರು. ಊರಿನ ಒಬ್ಬರು ಕೊಯ್ದು ತೆಗೆದರು, ಎರಡರಷ್ಟಾಗಿ ಮತ್ತೆ ಬಂತು. ಎಡಗಿವಿಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಬದನೆಕಾಯಿಯದೇ ತಪ್ಪೆಂದು ನಾನೂ ನಂಬಿ ಅದನ್ನು ತಿನ್ನುವುದು ಬಿಟ್ಟೆ. ನನ್ನ ಮಕ್ಕಳಿಗೂ ಆ ಗಂಟು ಬರೀ ನರುಳ್ಳೆ ಎಂದಷ್ಟೇ ಹೇಳಿದ್ದೆ.

ಹೋದ ವರ್ಷ ನಿಮ್ಮೆಲ್ಲರಲ್ಲಿ ದೊಡ್ಡವಳು, ಪಿಯುಸಿ ಓದುವವಳು, ಕಿವಿಯ ಮೇಲುಗಡೆ ಸಣ್ಣ ರಿಂಗು ಹಾಕಿಸಿಕೊಳ್ಳುತ್ತೇನೆಂದು ಹಟ ಹಿಡಿದಳು. ಗುಂಡ್ಲುಪೇಟೆಯಲ್ಲಿ ಕಿವಿ ಚುಚ್ಚುವ ಹೆಣ್ಣುಮಗಳು, ಮನೆಯ ದೊಡ್ಡವರು ಬರದೆ ಮುಟ್ಟುವುದಿಲ್ಲ ಎಂದು ಅವಳನ್ನು ಒಂದು ಸಲ ವಾಪಸು ಕಳಿಸಿದ್ದಳಂತೆ. ಅವಳ ಅಮ್ಮ ಫೋನಿನಲ್ಲಿ ಒಪ್ಪಿಗೆ ಹೇಳಿದಳು, ಜೊತೆಗೆ ನಾನು ಹೋದೆ. ಬಸ್ಸಿನಲ್ಲಿ ಎಲ್ಲವನ್ನೂ ಹೇಳಿಬಿಡೋಣ ಅನ್ನಿಸಿತು. ಬಾಯಿಂದ ಬಂದದ್ದು ಇಷ್ಟೇ.

"ಆರೋ ತಂಕ ಬದ್ನೆಕಾಯಿ ತಿನ್ಬ್ಯಾಡ ಕಣಮ್ಮಿ."

"ಕಿವಿಗೂ ಬದ್ನೆಕಾಯಿಗೂ ಏನಜ್ಜಿ!" ಎಂದು ನಕ್ಕಳು.

ಆ ಹೆಣ್ಣುಮಗಳು ಅಕ್ಕಸಾಲಿಗರ ಮನೆಯವಳು, ಮೈಸೂರಿನಲ್ಲಿ ಕಲಿತು ಬಂದಿದ್ದಳು. ಮೊಣಕೈವರೆಗೂ ಸೋಪು ಹಚ್ಚಿ ತೊಳೆದು ಹೊಸ ಗ್ಲೌಸು ಹಾಕಿಕೊಂಡಳು. ಸೂಜಿಯ ಪೊಟ್ಟಣ ಒಡೆದಿಲ್ಲ ಎಂದು ನನ್ನ ಕೈಗೇ ಕೊಟ್ಟು ನೋಡಿಸಿದಳು. ಅಷ್ಟು ಚೊಕ್ಕಟವಾದ ಕೆಲಸವನ್ನು ನಾನು ಯಾವ ಆಭರಣದಂಗಡಿಯಲ್ಲೂ ಕಂಡಿರಲಿಲ್ಲ.

"ಚುಚ್ಚೋ ಗನ್ ಇಲ್ವಾಕ್ಕ? ಟಪ್ ಅಂತ ಆಗೋಯ್ತದೆ" ಎಂದಳು ಮೊಮ್ಮಗಳು.

"ಮೇಲ್ಗಿವೀಲಿ ಮೆತ್ತನೆ ಮೂಳೆ ಅದೆ. ಗನ್ ಒಡದ್ರೆ ಜಜ್ಜೋಯ್ತದೆ. ಇದು ಆರಕ್ಕೆ ಆರು ತಿಂಗ್ಳು, ವರ್ಷಾನೂ ಆಗ್ಬೋದು. ಸಲೈನ್ ಉಪ್ನೀರಲ್ಲಿ ತೊಳ್ಕೊ. ರಿಂಗು ತಿರುಗಿಸ್ಬ್ಯಾಡ. ಅರಿಸ್ನ, ಎಣ್ಣೆ ಒಂದೂ ಬ್ಯಾಡ. ಕೀವಾದ್ರೆ, ಜ್ವರ ಬಂದ್ರೆ ಡಾಕ್ಟ್ರತ್ರ ಓಗು." ಆಮೇಲೆ ಕೇಳಿದಳು, "ಮನೇಲಿ ಯಾರ್ಗಾದ್ರೂ ಗಾಯ ಆರಿದ್ಮೇಲೆ ಗಂಟು ಬೆಳ್ದಿತ್ತಾ? ಅದು ರಕ್ತದಲ್ಲೇ ಬತ್ತದೆ."

"ಯಾರ್ಗೂ ಇಲ್ಲ ಬುಡಕ್ಕ, ಚುಚ್ಚು" ಎಂದು ಮೊಮ್ಮಗಳೇ ಹೇಳಿಬಿಟ್ಟಳು.

ರಕ್ತದಲ್ಲಿ ಎಂದದ್ದು ಕೇಳಿ ನಾನು ಸೆರಗನ್ನು ಇನ್ನೂ ಮುಂದಕ್ಕೆಳೆದುಕೊಂಡೆ. ಬೆಂಚಿನ ಮೇಲೆ ಇನ್ನಿಬ್ಬರು ಹುಡುಗಿಯರು ಕಾಯುತ್ತಿದ್ದರು. ಅವರೆದುರು ಕಿವಿ ತೋರಿಸುವುದು ಹೇಗೆ? ಚುಚ್ಚುವವಳು ಪೆನ್ನಿನಿಂದ ಚುಕ್ಕೆ ಇಟ್ಟಳು, ಪೊಟ್ಟಣ ಒಡೆದಳು, ಸೂಜಿ ಮೊಮ್ಮಗಳ ಕಿವಿಯ ಹತ್ತಿರ ಹೋಯಿತು.

"ತಡಿಯವ್ವ!" ಎಂದು ಕೂಗಿ ತಲೆಯ ಮೇಲಿನ ಸೆರಗನ್ನು ಕೆಳಕ್ಕೆ ಎಳೆದುಬಿಟ್ಟೆ.

ಬೆಂಚಿನ ಹುಡುಗಿಯೊಬ್ಬಳು ಅಯ್ಯೋ ಎಂದಳು. ಚುಚ್ಚುವವಳು ಬೈಯಲಿಲ್ಲ. ಪೊಟ್ಟಣದಿಂದ ತೆಗೆದಿದ್ದ ಸೂಜಿಯನ್ನು ಬಿಸಾಡುವ ಡಬ್ಬಕ್ಕೆ ಹಾಕಿ, ನನ್ನನ್ನು ಬೆಳಕಿಗೆ ಕರೆದು ಕಿವಿ ನೋಡಿದಳು. ನಾನು ಎಲ್ಲ ಹೇಳಿದೆ.

"ಬದ್ನೆಕಾಯಿ ಏನ್ ಮಾಡ್ತಜ್ಜಿ, ಪಾಪ!" ಎಂದು ನಕ್ಕಳು. ಆಮೇಲೆ ಮೊಮ್ಮಗಳ ಅಂಗಿಯ ತೋಳು ಮಡಿಸಿ, ಚಿಕ್ಕಂದಿನಲ್ಲಿ ಸೂಜಿಮದ್ದು ಹಾಕಿದ ಗುರುತನ್ನು ಬೆರಳಿನಿಂದ ಸವರಿದಳು. ಅದೂ ಉಬ್ಬಿ ಹೊಳೆಯುತ್ತಿತ್ತು. "ನಾನು ಚುಚ್ಚಲ್ಲ. ಚಾಮರಾಜನಗರದಲ್ಲಿ ಚರ್ಮದ ಡಾಕ್ಟ್ರಿಗೆ ತೋರ್ಸಿ."

"ನನ್ ಕಿವಿ ತಾನೇ? ನಂಗೇ ಇಷ್ಟ ಅದೆ!"

"ಕಿವಿ ನಿಂದು, ಕೈ ನಂದು ಕಣಮ್ಮಿ. ಈ ಕೈಲಿ ಆಗಲ್ಲ."

ಬಂದ ಗಿರಾಕಿಯನ್ನು ಹೀಗೆ ವಾಪಸು ಕಳಿಸಿದವರನ್ನು ನಾನು ಇವಳೊಬ್ಬಳನ್ನೇ ನೋಡಿದ್ದು. ನನ್ನ ಅಂಗಳದಲ್ಲಿ ಅಂದು ಇಂಥವಳೊಬ್ಬಳು ಇದ್ದಿದ್ದರೆ!

ಮೊಮ್ಮಗಳು ನನ್ನೊಡನೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ತಾನೇ ನನ್ನನ್ನು ಚಾಮರಾಜನಗರಕ್ಕೆ ಹೊರಡಿಸಿದಳು. ಡಾಕ್ಟರು ಅವಳ ತೋಳು ನೋಡಿ ಚುಚ್ಚಿಸಬೇಡ ಎಂದರು. ನನ್ನ ಗಂಟಿಗೆ ಇಂಜೆಕ್ಷನ್ ಶುರುಮಾಡಿದರು. ಈಗ ಅದು ಮೆತ್ತಗಾಗಿದೆ, ಕಡಿತವೂ ನಿಂತಿದೆ. ಅಂದು ಆಸ್ಪತ್ರೆಯ ಬಾಗಿಲಲ್ಲೇ ಮೊಮ್ಮಗಳು ಫೋನು ತೆಗೆದಳು.

"ಅಜ್ಜಿ, ನಿನ್ ಕಿವಿ ಫೋಟೋ ತಗಂಡು ನಮ್ಮನೆ ಮಕ್ಳಿಗೆಲ್ಲಾ ಕಳಿಸ್ಲಾ? ಅವ್ರೂ ಚುಚ್ಚಿಸ್ಕಳಕ್ಕೆ ಓದ್ರೆ?"

ನಾಚಿಕೆಯಿಂದ ನೆಲ ನೋಡಿದೆ. ಆಮೇಲೆ ಬಿಸಿಲಿಗೆ ತಿರುಗಿ ನಿಂತು, "ಗಂಟು ಸರ್ಯಾಗಿ ಕಾಣಂಗೆ ತಗಿ" ಎಂದೆ.