ಸೊಪ್ಪು, ಸೊಪ್ಪು, ಕಾಯಿ

ನೋವಿನ ಮುಲಾಮನ್ನು ಒಬ್ಬರ ಮೊಣಕಾಲಿಗೆ ಹಚ್ಚಿದರೂ ಅದರ ವಾಸನೆ ಬಸ್ಸಿನಲ್ಲಿರುವ ಎಲ್ಲರಿಗೂ ಸೇರಿದ್ದು. ಮೊನ್ನೆ ತುಮಕೂರಿನಿಂದ ಗುಬ್ಬಿಗೆ ವಾಪಸಾಗುತ್ತಿದ್ದ ನಮ್ಮ ಮಿನಿ ಬಸ್ಸಿನಲ್ಲಿ ಹಿಂದಿನ ಸೀಟಿನ ಹುಡುಗಿಯೊಬ್ಬಳು ಡಬ್ಬಿಯ ಮುಚ್ಚಳ ತಿರುಗಿಸಿದಳು. ನಾನು ಕಿಟಕಿಯ ಗಾಜು ಸರಿಸಿದೆ. ಗಾಳಿ ಬಂತು, ವಾಸನೆ ಮಾತ್ರ ಹೋಗಲಿಲ್ಲ.

ನಾನು ಗುಬ್ಬಿಯ ಒಂದು ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಹುಡುಗಿಯರ ತಂಡ ಆಟಕ್ಕೆಂದು ಹೊರಗೆ ಹೋಗುವಾಗ ಜೊತೆಗೆ ಒಬ್ಬ ಮಹಿಳಾ ಸಿಬ್ಬಂದಿ ಇರಬೇಕು. ಅವರಿಗೆ ಮ್ಯಾನೇಜರ್ ಎಂದು ಹೆಸರು. ಹೆಸರು ಕೇಳಿ ಗಾಬರಿಯಾಗಬೇಡಿ. ನಾನು ನೋಡಿಕೊಳ್ಳುವುದು ನೀರಿನ ಕ್ಯಾನು ಮತ್ತು ಬಾಳೆಹಣ್ಣಿನ ಚಿಪ್ಪುಗಳನ್ನು. ಕಬಡ್ಡಿಯನ್ನು ನೋಡಿಕೊಳ್ಳುವವರು ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ ಪಿ.ಟಿ. ಸರ್. ಈ ವರ್ಷ ಒಂದು ಪಂದ್ಯವನ್ನೂ ಗೆಲ್ಲದ ತಂಡಕ್ಕೆ ತರಬೇತಿ ಕೊಡುವವರು ಬಸ್ಸಿನಲ್ಲಿ ಹಾಗೆ ಕಣ್ಣು ಮುಚ್ಚಿಕೊಳ್ಳುವುದೇ ಕ್ಷೇಮ.

ಹಿಂದೆ ಚರ್ಚೆ ಶುರುವಾಗಿತ್ತು.

"ಸರ್ ಯಾವಾಗ್ಲೂ ರಂಜಿತಾನೇ ರೈಡಿಗೆ ಕಳಿಸ್ತಾರೆ ಕಣೇ. ಎದುರಿನವ್ರಿಗೆ ಇವಳ ಮುಖ ನೋಡಿ ನೋಡಿ ಪರಿಚಯ ಆಗೋಗೈತೆ."

"ಇನ್ನೊಂದು ಸಲ ಹೋದ್ರೆ ಕುಂಡ್ರಿಸಿ ಕಾಫಿ ಕೊಡ್ತಾರೆ ಬುಡು."

"ನೀವಾದ್ರೂ ಹೇಳಿ ಮೇಡಂ. ಮುಂದಿನ ವಾರ ಕುಣಿಗಲ್‌ನಲ್ಲೂ ಹಿಂಗೇ ಆದ್ರೆ?"

"ನನಗೆ ಇದೆಲ್ಲ ಗೊತ್ತಾಗಲ್ಲಮ್ಮ," ಎಂದು ನಾನು ಬಾಳೆಹಣ್ಣು ಹಂಚಿದೆ.

ಗೊತ್ತಾಗದೆ ಏನು? ಡಿಗ್ರಿ ಓದುವಾಗ ಮೂರು ವರ್ಷವೂ ನಾನು ತುಮಕೂರಿನ ನಮ್ಮ ಕಾಲೇಜು ತಂಡದ ಎಡಮೂಲೆಯಲ್ಲಿ ನಿಂತವಳು. ಮಾತು ಕಡಿಮೆ ಎಂದು, ಮೂಲೆ ಬಿಟ್ಟು ಬರುವುದಿಲ್ಲ ಎಂದು, ಗೆಳತಿಯರು ನನ್ನನ್ನು 'ಮೂಲೆ' ಎಂದೇ ಕರೆಯುತ್ತಿದ್ದರು. ಅದು ಬೈಗುಳವೇನಲ್ಲ. ಮೂಲೆಯಲ್ಲಿ ನಿಂತವಳಿಗೆ ಅಂಗಳವೆಲ್ಲ ಕಾಣುತ್ತದೆ, ಅವಳನ್ನು ಯಾರೂ ಅಷ್ಟಾಗಿ ನೋಡುವುದಿಲ್ಲ. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಜಾಗ ಅದು.

ಆಗ ನಮಗೆ ಪಿ.ಟಿ. ಹೇಳುತ್ತಿದ್ದವರು ಬೆಳ್ಳಾವಿಯ ನಾಗಮಣಿ ಮೇಡಂ. ಚೂಡಿದಾರದ ಮೇಲೆ ಟ್ರ್ಯಾಕ್ ಸೂಟಿನ ಕೋಟು, ಕೊರಳಲ್ಲಿ ಸೀಟಿ, ಮಡಚಲಾಗದ ಬಲಗಾಲು. ಅವರ ಆಟದ ರೀತಿ ಅರ್ಥವಾಗಬೇಕಾದರೆ ಕಬಡ್ಡಿಯ ಒಂದು ನಿಯಮ ನೆನಪಿರಬೇಕು. ಎದುರು ಅಂಗಳಕ್ಕೆ ರೈಡಿಗೆ ಹೋದವಳು ಯಾರನ್ನೂ ಮುಟ್ಟದೆ ಬರಿಗೈಯಲ್ಲಿ ವಾಪಸ್ ಬರಬಹುದು. ಆದರೆ ತಂಡ ಸತತ ಎರಡು ಸಲ ಹಾಗೆ ಬಂದರೆ, ಮೂರನೆಯ ಸಲ ಹೋದವಳು ಅಂಕ ತರಲೇಬೇಕು. ತರದಿದ್ದರೆ ಅವಳು ಔಟ್.

ಪ್ರತಿ ರೈಡಿಗೂ ಮೇಡಂ ಗೆರೆಯಾಚೆಯಿಂದ ಒಂದು ಪದ ಕೂಗುತ್ತಿದ್ದರು. ಅವರ ಮನೆಯವರು ತರಕಾರಿ ಬೆಳೆಯುವವರು. ಪದಗಳೂ ಅಲ್ಲಿಂದಲೇ ಬಂದಿದ್ದವು. 'ಸೊಪ್ಪು' ಎಂದರೆ ಸುಮ್ಮನೆ ಹೋಗಿ ಕ್ಷೇಮವಾಗಿ ವಾಪಸ್ ಬಾ. 'ಕಾಯಿ' ಎಂದರೆ ನುಗ್ಗು, ಮುಟ್ಟು. ಅದು ಯಾರಿಗೂ ತಿಳಿಯದ ಗುಟ್ಟು ಎಂದು ಅವರು ಕೊನೆಯವರೆಗೂ ನಂಬಿದ್ದರು. ಮೊದಲೆರಡು ರೈಡು ತಪ್ಪದೆ ಸೊಪ್ಪು. ಮೂರನೆಯದು, ಬೇರೆ ದಾರಿಯಿಲ್ಲದ್ದರಿಂದ, ಕಾಯಿ. ಅದಕ್ಕೆ ಹೋಗುವವಳು ಯಾವಾಗಲೂ ನಮ್ಮ ನಾಯಕಿ ಭಾಗ್ಯ.

ಮೇಡಂ ಹೆದರುಪುಕ್ಕಲಿಯೇನಲ್ಲ. ಒಂದು ಕಾಲದಲ್ಲಿ ತಾವೇ ರೈಡರ್ ಆಗಿದ್ದವರು. ನುಗ್ಗಿದಾಗ ಯಾರೋ ಕಾಲು ಹಿಡಿದು ಎಳೆದರು, ಮಂಡಿ ತಿರುಗಿತು, ಅಲ್ಲಿಗೆ ಆಟ ಮುಗಿಯಿತು. ಮೆಟ್ಟಿಲು ಹತ್ತುವಾಗ ಗೋಡೆಗೆ ಕೈ ಕೊಟ್ಟುಕೊಂಡೇ ಹೇಳುತ್ತಿದ್ದರು: "ಕಾಲಿದ್ರೆ ಆಟ ಕಣ್ರೇ. ಇವತ್ತು ಸೋತ್ರೆ ನಾಳೆ ಗೆಲ್ಲಬೋದು." ಆ ಕಾಲಿನ ಎದುರು ನಾವು ಏನು ವಾದ ಮಾಡೋಣ? ವಾದವೆಲ್ಲ ಮೇಡಂ ಇಲ್ಲದ ಕಡೆ ನಡೆಯುತ್ತಿತ್ತು, ಕ್ಯಾಂಟೀನಿನಲ್ಲಿ, ಹಾಸ್ಟೆಲ್ಲಿನ ನಲ್ಲಿಕಟ್ಟೆಯಲ್ಲಿ. ಉಪ್ಪಿನಕಾಯಿ ಜಾಡಿಗಳನ್ನು ಎದುರು ತಂಡವೆಂದು ಜೋಡಿಸಿ ನಾವು ಸೋತ ಪಂದ್ಯಗಳನ್ನೆಲ್ಲ ಮತ್ತೆ ಆಡಿ ಗೆದ್ದಿದ್ದೇವೆ.

ನಾನು ಎರಡನೆಯ ವರ್ಷದಲ್ಲಿದ್ದಾಗ ಪ್ರಿನ್ಸಿಪಾಲರು ನಮ್ಮನ್ನೆಲ್ಲ ಕರೆದು ಒಂದು ಮಾತು ಹೇಳಿದರು. ಈ ಸಲವೂ ಮೊದಲ ಸುತ್ತಿನಲ್ಲೇ ಸೋತು ಬಂದರೆ ಮುಂದಿನ ವರ್ಷ ಹುಡುಗಿಯರ ಕಬಡ್ಡಿ ತಂಡ ಇರುವುದಿಲ್ಲ. ಉಳಿದವರಿಗೆ ಅದು ಬೇಸರದ ಸುದ್ದಿ ಅಷ್ಟೆ. ಭಾಗ್ಯಳಿಗೆ ಹಾಗಲ್ಲ. ಅವಳ ಊರು ಹಾಗಲವಾಡಿ. ಹಾಸ್ಟೆಲ್ ಸೀಟು ಸಿಕ್ಕಿದ್ದೇ ಆಟಗಾರ್ತಿ ಎಂದು. ತಂಡ ಹೋದರೆ ಸೀಟು ಹೋಗುತ್ತದೆ, ಸೀಟು ಹೋದರೆ ಅವಳ ಅಪ್ಪ ಉಳಿದ ಒಂದು ವರ್ಷದ ಓದನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಇದನ್ನು ಅವಳು ನನಗೆ ಹೇಳಿದ್ದು ಬೂಟಿನ ದಾರ ಕಟ್ಟಿಕೊಳ್ಳುತ್ತ, ಹವಾಮಾನದ ಸುದ್ದಿ ಹೇಳುವಂತೆ.

ಆ ಮೊದಲ ಸುತ್ತು ಬಿದ್ದದ್ದು ಕುಣಿಗಲ್‌ನಲ್ಲಿ. ಬಸ್ಸಿನಲ್ಲಿ ಎರಡನೆಯ ರೈಡರ್ ಷಬೀನಾ ಸೀಟಿನ ಕಂಬಿ ಹಿಡಿದು ಭಾಷಣ ಶುರು ಮಾಡಿದಳು. ಮೇಡಂ ಮುಂದೆ ಡ್ರೈವರ್ ಪಕ್ಕ ಇದ್ದರು.

"ನಾನು ರೈಡರ್ರೇನೇ? ಅಲ್ಲಿಗೋಗಿ ಚೆನ್ನಾಗಿದೀರಾ ಅಂತ ಕೇಳ್ಕೊಂಡು ಬರೋಳು ಅಷ್ಟೇ."

"ಮೆತ್ತಗೆ ಮಾತಾಡೇ, ಕೇಳ್ಸತ್ತೆ," ಎಂದಳು ಭಾಗ್ಯ.

"ಕೇಳ್ಸಲಿ. ಮೂರನೇದಕ್ಕೆ ನೀನು ಬರ್ತೀಯ ಅಂತ ಈ ಜಿಲ್ಲೆಗೆಲ್ಲ ಗೊತ್ತು. ಬರೋ ಹೊತ್ತು ಗೊತ್ತಿರೋ ನೆಂಟ್ರು ಕಣೇ ನೀನು. ಬಾಗ್ಲಲ್ಲೇ ಕಾಯ್ತಿರ್ತಾರೆ."

"ಇವಳನ್ನ ಕೇಳು," ಎಂದು ಭಾಗ್ಯ ನನ್ನ ಕಡೆ ತಿರುಗಿದಳು. ನಾನು ಕಿಟಕಿಯಾಚೆ ನೋಡಿದೆ. ಕಿಟಕಿಯಾಚೆ ನೋಡುವುದರಲ್ಲಿ ನಾನು ಅಂದಿನಿಂದಲೂ ನಿಪುಣೆ.

ಮೊದಲ ಅರ್ಧ ಹೇಗಿತ್ತೆಂದು ಹೇಳಲು ನಾಚಿಕೆಯಾಗುತ್ತದೆ. ಕಾಂಪೌಂಡ್ ಗೋಡೆಯ ಮೇಲೆ ಕೂತಿದ್ದ ಕುಣಿಗಲ್‌ನ ಹಿರಿಯರು ಮೇಡಂಗಿಂತ ಮೊದಲೇ ಕೂಗುತ್ತಿದ್ದರು. "ಲೇ, ಸೊಪ್ಪು ಬಂತು ನೋಡ್ಲಾ!" ಮತ್ತೆ ಷಬೀನಾ ಬರಿಗೈಯಲ್ಲಿ ತಿರುಗಿದಾಗ, "ಇನ್ನೊಂದು ಕಟ್ಟು ಸೊಪ್ಪು!" ಮೂರನೆಯದಕ್ಕೆ ಭಾಗ್ಯ ಗೆರೆ ದಾಟುವಾಗ, "ಕಾಯಿ ಕೆಜಿ ಎಷ್ಟಮ್ಮ?" ಮೈದಾನವೆಲ್ಲ ನಗುತ್ತಿತ್ತು. ಭಾಗ್ಯ ಹೋದಾಗಲೆಲ್ಲ ಸಿಕ್ಕಿಬಿದ್ದಳು. ಅವಳನ್ನು ಹಿಡಿಯುತ್ತಿದ್ದದ್ದು ಅವರ ಬಲಮೂಲೆಯ ಉದ್ದ ಜಡೆಯ ಹುಡುಗಿ.

ನಮ್ಮವರು ರೈಡಿಗೆ ಹೋದಾಗ ನನಗೆ ನಿಂತು ನೋಡುವುದೇ ಕೆಲಸ. ನಾನು ನೋಡುತ್ತಿದ್ದದ್ದು ಆ ಹುಡುಗಿಯನ್ನು. ನಾವಿಬ್ಬರೂ ಮೂಲೆಯವರು; ಅವಳ ಮೈ ಏನು ಹೇಳುತ್ತಿದೆ ಎಂದು ನನಗೆ ತಿಳಿಯುತ್ತಿತ್ತು. ಅರ್ಧ ಮುಗಿಯುವ ಹೊತ್ತಿಗೆ ಒಂದು ವಿಷಯ ಖಚಿತವಾಗಿತ್ತು. ವಿರಾಮದಲ್ಲಿ ಮೇಡಂ ನಿಂಬೆಹೋಳು ಹಂಚುತ್ತ, "ಗಾಬರಿ ಬೇಡ, ಹಿಂಗೇ ಆಡಿ" ಎಂದರು. ಭಾಗ್ಯ ಮಂಡಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದಳು, ತಲೆ ಎತ್ತಲಿಲ್ಲ. ಅದನ್ನು ನೋಡಿ ನಾನು ಬಾಯಿ ಬಿಟ್ಟೆ.

"ಹಿಂಗೇ ಆಡಬಾರದು ಮೇಡಂ."

"ಮೂಲೆ ಮಾತಾಡ್ತು ಕಣ್ರೇ!" ಎಂದಳು ಷಬೀನಾ. ಯಾರೂ ನಗಲಿಲ್ಲ.

ಹೇಳಿದೆ. ಮೊದಲೆರಡು ರೈಡಿಗೆ ಅವರ ಬಲಮೂಲೆಯವಳು ಆಡುವುದೇ ಇಲ್ಲ. ಸೊಪ್ಪು ಎಂದು ಕೇಳಿದ ಕೂಡಲೇ ಎರಡೂ ಕೈ ಎತ್ತಿ ಜಡೆಯನ್ನು ಗಂಟು ಹಾಕಿಕೊಳ್ಳುತ್ತಾಳೆ. ಮೂರನೆಯದಕ್ಕೆ, ನೀವು ಕೂಗುವ ಮೊದಲೇ, ಕಾಲು ಹಿಂದಿಟ್ಟು ಬಗ್ಗುತ್ತಾಳೆ. ನಾವು ನುಗ್ಗಬೇಕಾದದ್ದು ಅವಳ ಕೈ ಜಡೆಯಲ್ಲಿರುವಾಗ.

ಮೇಡಂ ಮುಖ ಬಿಗಿಯಿತು. "ಮೊದಲ ರೈಡಿಗೇ ನುಗ್ಗಿ ಕಾಲು ಮುರ್ಕೊಂಡ್ರೆ ಇವರಪ್ಪಂಗೆ ಯಾರು ಹೇಳ್ತಾರೆ? ನೀನ್ ಹೇಳ್ತೀಯಾ?"

ಉತ್ತರ ಕೊಟ್ಟವಳು ಭಾಗ್ಯ. "ನಾನೇ ಹೇಳ್ತೀನಿ ಮೇಡಂ. ತಂಡ ಹೋದ್ರೂ ನಾನೇ ತಾನೇ ಹೇಳ್ಬೇಕು? ಕಾಲು ಹೋಯ್ತು ಅಂತ ಹೇಳೋದೇ ವಾಸಿ. ಸೊಪ್ಪು ಸೊಪ್ಪು ಅಂತ ಆಡಿ ಬಂದೆ ಅಂತ ಹೆಂಗ್ ಹೇಳ್ಲಿ?"

ಮೇಡಂ ನಿಂಬೆಹೋಳನ್ನು ಕೈಯಲ್ಲಿಟ್ಟುಕೊಂಡೇ ಹೋಗಿ ಬೆಂಚಿನ ಮೇಲೆ ಕೂತರು, ಮಡಚಲಾಗದ ಕಾಲನ್ನು ಮುಂದಕ್ಕೆ ಚಾಚಿಕೊಂಡು. ಎರಡನೆಯ ಅರ್ಧ ಪೂರ್ತಿ ಅವರು ಒಂದು ಪದವನ್ನೂ ಕೂಗಲಿಲ್ಲ. ದುಪಟ್ಟಾದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದರು. ಅಷ್ಟು ಕಷ್ಟಪಟ್ಟು ಸುಮ್ಮನಿದ್ದವರನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ.

ಮೊದಲ ರೈಡಿಗೆ ಭಾಗ್ಯಳೇ ಹೋದಳು. ಗೋಡೆಯ ಮೇಲಿನವರು ಕಾದರು, ಕೂಗು ಬರಲಿಲ್ಲ. "ಅಂಗ್ಡಿ ಮುಚ್ಚಿದ್ರಾ?" ಎಂದರು ಯಾರೋ. ಉದ್ದ ಜಡೆಯವಳ ಕೈಗಳು ಅಭ್ಯಾಸದಂತೆ ಮೇಲೆ ಹೋದವು. ಭಾಗ್ಯ ಅವಳನ್ನು ಮುಟ್ಟಿ ನಡುಗೆರೆಗೆ ಬಂದು ಬಿದ್ದಾಗ ಆ ಕೈಗಳು ಇನ್ನೂ ಕೂದಲಲ್ಲೇ ಇದ್ದವು. ಮುಂದಿನದಕ್ಕೆ ಷಬೀನಾ ಹೋಗಿ ಇಬ್ಬರನ್ನು ಮುಟ್ಟಿ ಬಂದಳು. ಆ ಅರ್ಧದಲ್ಲಿ ಅವರಿಗಿಂತ ನಾವೇ ಹೆಚ್ಚು ಅಂಕ ತಂದೆವು. ಆದರೂ ಸೋತೆವು, ಒಂದೇ ಅಂಕದಿಂದ.

ವಾಪಸ್ ಬರುವಾಗ ಮೇಡಂ ಹಿಂದಿನ ಸೀಟಿಗೆ, ನಮ್ಮ ಮಧ್ಯಕ್ಕೆ ಬಂದು ಕೂತರು. "ಸೋತಿದ್ದು ನನ್ನ ಅರ್ಧ ಕಣ್ರೇ. ನಿಮ್ಮ ಅರ್ಧ ಗೆಲ್ತು," ಎಂದರು. ಮರುದಿನ ಗೋಡೆಗೆ ಕೈ ಕೊಟ್ಟುಕೊಂಡು ಮೆಟ್ಟಿಲು ಹತ್ತಿ ಪ್ರಿನ್ಸಿಪಾಲರಿಗೂ ಅದನ್ನೇ ಹೇಳಿದರು. ಸೋತ ಅರ್ಧ ನನ್ನದು, ತೆಗೆಯುವುದಿದ್ದರೆ ನನ್ನನ್ನು ತೆಗೆಯಿರಿ, ತಂಡಕ್ಕೆ ಒಂದು ವರ್ಷ ಕೊಡಿ ಎಂದು. ಪ್ರಿನ್ಸಿಪಾಲರು ಎರಡರಲ್ಲಿ ಯಾವುದನ್ನೂ ತೆಗೆಯಲಿಲ್ಲ. ಭಾಗ್ಯಳ ಸೀಟು ಉಳಿಯಿತು. ಅವಳೀಗ ಹುಲಿಯೂರುದುರ್ಗದ ಶಾಲೆಯೊಂದರಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾಳೆ. ಫೋನ್ ಮಾಡಿದಾಗಲೆಲ್ಲ, ಕುಣಿಗಲ್‌ನ ಆ ಕೊನೆಯ ರೈಡಿಗೆ ಷಬೀನಾ ಹೋಗಬೇಕಿತ್ತೋ ತಾನು ಹೋಗಬೇಕಿತ್ತೋ ಎಂದು ಇನ್ನೂ ವಾದಿಸುತ್ತಾಳೆ.

ಮಿನಿ ಬಸ್ಸು ಗುಬ್ಬಿಯನ್ನು ಸಮೀಪಿಸುತ್ತಿತ್ತು. ಹಿಂದೆ ಚರ್ಚೆ ತಣ್ಣಗಾಗಿತ್ತು. ಮುಲಾಮು ಹಚ್ಚಿಕೊಂಡ ರಂಜಿತಾ ಗಾಜಿಗೆ ತಲೆ ಒರಗಿಸಿದ್ದಳು. ಅವಳನ್ನು ಕಳಿಸಿದ್ದು ತಪ್ಪಲ್ಲ. ಪ್ರತಿ ಸಲವೂ ಅವಳು ಎಡಗಡೆಯಿಂದಲೇ ಒಳಗೆ ಹೋಗುತ್ತಾಳೆ, ಸರ್ ಗೆರೆಯಾಚೆಯಿಂದ ಅತ್ತಲೇ ಬೆರಳು ತೋರಿಸುತ್ತಾರೆ. ಆ ಬೆರಳನ್ನು ಎದುರಿನವರು ನೋಡುತ್ತಾರೆ. ನೀರಿನ ಕ್ಯಾನಿನ ಪಕ್ಕ ಕೂತು ಇದನ್ನು ನಾನು ಆಗಸ್ಟಿನಿಂದಲೂ ನೋಡುತ್ತಿದ್ದೇನೆ.

ಉಳಿದ ಬಾಳೆಹಣ್ಣಿನ ಚೀಲವನ್ನು ರಂಜಿತಾಳ ತೊಡೆಯ ಮೇಲಿಟ್ಟು ಎದ್ದೆ. ಕಂಬಿ ಹಿಡಿದು ಹಿಡಿದು ಮುಂದಕ್ಕೆ ನಡೆದೆ. ಸರ್ ಕಣ್ಣು ಬಿಟ್ಟು, "ಏನು ಮೇಡಂ, ಬಸ್ ನಿಲ್ಲಿಸಬೇಕಾ?" ಎಂದರು.

"ಬೇಡ ಸರ್," ಎಂದೆ. "ಸ್ವಲ್ಪ ಜರುಗಿ. ಕುಣಿಗಲ್ ಪಂದ್ಯದ ಬಗ್ಗೆ ಮಾತಾಡಬೇಕು."