ಕಾರ್ಡಿನಲ್ಲಿಲ್ಲದ ಹೊಗೆಸೊಪ್ಪು

ಅಥವಾ ಆ ಮಾತನ್ನು ಅವರು ಹೇಳಲೇ ಇಲ್ಲವೇನೋ. ಹೇಳಿದ್ದು ಬೇರೆ ಯಾರೋ, ಬೇರೆ ಊರಿನಲ್ಲಿ, ಬೇರೆ ದಿನ. ನನ್ನ ತಲೆಯೊಳಗಿನ ಚಿತ್ರದಲ್ಲಿ ಒಬ್ಬ ನರ್ಸ್ ಎದ್ದು ನಿಂತಿದ್ದಾರೆ, ಅವರ ಹಿಂದಿನ ಕಿಟಕಿಯಲ್ಲಿ ತುಂಗಾ ನದಿ ಕಾಣುತ್ತಿದೆ. ಆದರೆ ಅವರು ಹೊಸನಗರ ತಾಲ್ಲೂಕಿನವರು, ನಾನು ಕೊಟ್ಟ ತರಬೇತಿಗೆ ಬಂದದ್ದು ಹೊಸನಗರದ ಸಭಾಂಗಣಕ್ಕೆ. ಅಲ್ಲಿಗೆ ತುಂಗೆ ಎಲ್ಲಿಂದ ಬರಬೇಕು? ನದಿ ತೀರ್ಥಹಳ್ಳಿಯದು. ತೀರ್ಥಹಳ್ಳಿಯ ತರಬೇತಿ ನಡೆದದ್ದು ಮುಂದಿನ ವಾರ. ಎರಡು ದಿನಗಳನ್ನು ನಾನು ಎಲ್ಲೋ ಒಂದಕ್ಕೊಂದು ಹೊಲಿದುಬಿಟ್ಟಿದ್ದೇನೆ.

ಈ ಗೊಂದಲವನ್ನು ಹೀಗೇ ಬಿಟ್ಟುಬಿಡಬಹುದಿತ್ತು, ಅದರ ಮೇಲೆ ಒಬ್ಬರ ಕೆಲಸ ಮತ್ತು ಮರ್ಯಾದೆ ನಿಂತಿರದಿದ್ದರೆ. ಅವರು ಅವತ್ತು ಆ ಮಾತು ಹೇಳಿದ್ದು ನಿಜವಾದರೆ, ಒಬ್ಬ ಹೆಂಗಸಿನ ಬಾಯಿಯೊಳಗಿನ ಕ್ಯಾನ್ಸರ್ ಯಾರ ಕಣ್ಣಿಗೂ ಬೀಳದೆ ಬೆಳೆದದ್ದಕ್ಕೆ ಕಾರಣ ನಾನು, ಅದೂ ಎಚ್ಚರಿಕೆ ಕೇಳಿದ ಮೇಲೆ. ಹೇಳಿರದಿದ್ದರೆ ತಪ್ಪು ನಮ್ಮಿಬ್ಬರದೂ. ಇಷ್ಟು ವ್ಯತ್ಯಾಸ.

ನಾನು ಸಾಗರದಲ್ಲಿ ಹಲ್ಲಿನ ಡಾಕ್ಟರು. ಮೂರು ತಾಲ್ಲೂಕುಗಳ ನರ್ಸ್‌ಗಳಿಗೆ ಬಾಯಿಯ ಆರೋಗ್ಯದ ತರಬೇತಿ ಕೊಡಿ ಎಂದು ಆರೋಗ್ಯ ಇಲಾಖೆಯವರು ಕರೆದಾಗ ಖುಷಿಯಿಂದಲೇ ಒಪ್ಪಿಕೊಂಡೆ. ನನ್ನ ಹತ್ತಿರ ಬರುವವರೆಲ್ಲ ಹಲ್ಲು ಕೈಗೆ ಬಂದ ಮೇಲೆ ಬರುವವರು. ನರ್ಸ್ ಹಾಗಲ್ಲ. ಬಿ.ಪಿ., ಶುಗರ್, ಬಸಿರು, ಬಾಣಂತನ ಎಂದು ಊರಿನವರೆಲ್ಲರ ಮೈಯನ್ನೂ ಮುಟ್ಟಿ ನೋಡಿದವರು. ಅವರು ಬಾಯಿಗೂ ಒಮ್ಮೆ ಟಾರ್ಚು ಬಿಟ್ಟು ನೋಡಿದರೆ ಸಾಕು ಅನ್ನಿಸಿತ್ತು. ಕೆನ್ನೆಯ ಒಳಗೆ ಬಿಳಿ ಮಚ್ಚೆ, ಎರಡು ವಾರಕ್ಕೂ ಮಾಯದ ಹುಣ್ಣು, ತನ್ನದೇ ಮೂರು ಬೆರಳು ಹಿಡಿಸುವಷ್ಟು ತೆರೆಯದ ಬಾಯಿ. ಇವು ಕಂಡರೆ ನನ್ನ ಬಳಿಗೋ ದೊಡ್ಡಾಸ್ಪತ್ರೆಗೋ ಕಳಿಸಬೇಕು. ಕಷ್ಟದ ಪಾಠವೇನಲ್ಲ.

ಕಷ್ಟ ಮಾಡಿದ್ದು ನಾನು ತಯಾರಿಸಿದ ಕಾರ್ಡು. ಹಳದಿ ಬಣ್ಣದ ಅರ್ಧ ಹಾಳೆ, ಅದರಲ್ಲಿ ಆರು ಪ್ರಶ್ನೆ. ಮೊದಲನೆಯದು: ‘ತಂಬಾಕು ಸೇವಿಸುತ್ತೀರಾ?’ ಹೌದು ಎಂದರೆ ಟಾರ್ಚು ಹಿಡಿದು ಕೆನ್ನೆ, ನಾಲಗೆಯ ಅಡಿ ಎಲ್ಲ ನೋಡಬೇಕು, ಮೂರು ಬೆರಳಿನ ಪರೀಕ್ಷೆ ಮಾಡಬೇಕು. ಇಲ್ಲ ಎಂದರೆ ನೇರ ನಾಲ್ಕನೇ ಪ್ರಶ್ನೆಗೆ ಹೋಗಿ ಹಲ್ಲುನೋವು, ವಸಡಿನ ರಕ್ತ ಕೇಳಿ ಮುಗಿಸಬೇಕು. ನರ್ಸ್‌ಗಳಿಗೆ ಹೊತ್ತು ಉಳಿಯಲಿ ಎಂದು ನಾನೇ ಯೋಚಿಸಿ ಮಾಡಿದ ಅಡ್ಡದಾರಿ ಅದು. ಆಗ ನನಗೆ ಅದರ ಬಗ್ಗೆ ಹೆಮ್ಮೆಯೂ ಇತ್ತು. ಈ ಹೆಮ್ಮೆ ಮಾತ್ರ ಚೆನ್ನಾಗಿ ನೆನಪಿದೆ.

ನಮ್ಮ ಕಡೆ ಯಾರೂ ತಂಬಾಕು ಸೇವಿಸುವುದಿಲ್ಲ. ಎಲೆಅಡಿಕೆ ಹಾಕುತ್ತಾರೆ. ಎಲೆ, ಅಡಿಕೆ, ಸುಣ್ಣ, ಅದರ ಜೊತೆಗೆ ಚೂರು ಹೊಗೆಸೊಪ್ಪು. ಹೊಗೆಸೊಪ್ಪು ಅಂದರೆ ತಂಬಾಕಿನ ಎಲೆಯೇ, ಆದರೆ ಹಾಗೆಂದು ಯಾರೂ ಅಂದುಕೊಳ್ಳುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ ಎನ್ನಲು ಬಾಯಿಲ್ಲ. ನನ್ನ ತಾಯಿಗೆ ಸಾಗರದ ಪೇಟೆಯಿಂದ ಹೊಗೆಸೊಪ್ಪು ತಂದುಕೊಡುತ್ತಿದ್ದವನು ನಾನೇ. ‘ತಂಬಾಕು’ ಎಂಬ ಪದ ಕಲಿಯುವ ಎಷ್ಟೋ ವರ್ಷ ಮೊದಲೇ ಆ ವಾಸನೆ ನನ್ನ ಅಂಗಿಯ ಜೇಬಿನಲ್ಲಿತ್ತು. ಮತ್ತೆ ಕಾರ್ಡಿನಲ್ಲಿ ಯಾಕೆ ಹಾಗೆ ಬರೆದೆ? ಅಚ್ಚಾಗುವ ಕಾಗದಕ್ಕೆ ಅಚ್ಚಿನ ಭಾಷೆಯೇ ಇರಲಿ ಎಂದುಕೊಂಡೆ ಎಂದು ಈಗ ಹೇಳುತ್ತೇನೆ. ಆಗ ಏನೂ ಅಂದುಕೊಂಡಿರಲಿಕ್ಕಿಲ್ಲ. ಕೈ ತಾನಾಗಿ ಬರೆದಿರಬೇಕು.

ಹೊಸನಗರದ ಆ ದಿನ. ಊಟಕ್ಕೆ ಮುಂಚೆ ನರ್ಸ್‌ಗಳನ್ನು ಇಬ್ಬಿಬ್ಬರಾಗಿ ಕೂರಿಸಿ ಒಬ್ಬರ ಬಾಯಿಯನ್ನು ಇನ್ನೊಬ್ಬರು ನೋಡಿ ಎಂದಿದ್ದೆ. ಮೊದಲು ನಾಚಿಕೆ, ಆಮೇಲೆ ಗಲಾಟೆ.

“ಎಂತ ಅಕ್ಕಾ, ಬೆಳಗ್ಗೆ ಬೆಳ್ಳುಳ್ಳಿ ಚಟ್ನಿಯಾ?”

“ನೀ ಬಾಯಿ ನೋಡೇ, ಮೂಗು ಯಾಕೆ ತರ್ತೀಯ ಮಧ್ಯೆ.”

ಆ ಗಲಾಟೆಯ ನಡುವೆ ಅವರು ಕಾರ್ಡು ಹಿಡಿದು ಎದ್ದರು. ಮಾಸ್ತಿಕಟ್ಟೆ ಕಡೆಯ ಒಂದು ಸಣ್ಣ ಆರೋಗ್ಯ ಕೇಂದ್ರದಲ್ಲಿ ಬಹಳ ವರ್ಷದಿಂದ ಇದ್ದವರು, ನನಗಿಂತ ವಯಸ್ಸಿನಲ್ಲಿ ನಾಲ್ಕೈದು ವರ್ಷ ಹಿರಿಯರು.

“ಸರ್, ಇದೊಂಚೂರು ನೋಡಿ. ಸೇವಿಸ್ತೀರಾ ಅಂತ ಕೇಳಿದ್ರೆ ನಮ್ಮ ಕಡೆಯವ್ರು ಪ್ರಸಾದ ಕೊಡ್ತಾರೇನೋ ಅಂತ ಕೈ ಒಡ್ಡುತ್ತಾರೆ.”

ಇಡೀ ಹಾಲ್ ನಕ್ಕಿತು. ನಾನೂ ನಕ್ಕೆ. ಇಲ್ಲಿಯವರೆಗೆ ಎಲ್ಲ ಗಟ್ಟಿ. ಈ ಜೋಕನ್ನು ಆಮೇಲೆ ನಾನೇ ಎಷ್ಟೋ ಜನಕ್ಕೆ ಹೇಳಿ ನಗಿಸಿದ್ದೇನೆ, ಹೇಳಿ ಹೇಳಿ ಅದು ನಯವಾಗಿದೆ. ಆದರೆ ನಗುವಿನ ಒಳಗೇ ಇನ್ನೊಂದು ವಾಕ್ಯ ಹೇಳಿದ್ದೆ ಎಂದು ಅವರು ಹೇಳುತ್ತಾರೆ: “ತಂಬಾಕು ಅಂದ್ರೆ ಯಾರೂ ಹೂಂ ಅನ್ನಲ್ಲ ಸರ್, ಹೊಗೆಸೊಪ್ಪು ಅಂತ ಹಾಕಿ.” ನನಗೆ ಆ ವಾಕ್ಯ ಕೇಳಿಸುತ್ತದೆ. ಆದರೆ ಅದು ಕೇಳಿಸುವಾಗ ಕಿಟಕಿಯಲ್ಲಿ ನದಿ ಇರುತ್ತದೆ. ಹಾಗಾಗಿ ನಂಬಲಾರೆ. ತೀರ್ಥಹಳ್ಳಿಯಲ್ಲಿ ಇನ್ಯಾರೋ ಅದನ್ನೇ ಹೇಳಿದ್ದಿರಬಹುದು. ಅಥವಾ ಯಾರೂ ಹೇಳದೆ, ಮುಂದೆ ಅವರೇ ನನ್ನೆದುರು ಕೂತು ಹೇಳಿದ್ದನ್ನು ನಾನು ಹಿಂದಕ್ಕೆ ಕೊಂಡೊಯ್ದು ಆ ದಿನದೊಳಗೆ ಇಟ್ಟಿರಬಹುದು.

ನನ್ನ ಉತ್ತರದ ಬಗ್ಗೆ ಮಾತ್ರ ಅನುಮಾನವಿಲ್ಲ, ಯಾಕೆಂದರೆ ಮೂರು ಊರಿನಲ್ಲೂ ಅದನ್ನೇ ಹೇಳಿದ್ದೆ. ಮೂರು ತಾಲ್ಲೂಕಿನ ಉತ್ತರಗಳನ್ನು ಹೋಲಿಸಿ ನೋಡಬೇಕು, ಹಾಗಾಗಿ ಕಾರ್ಡಿನಲ್ಲಿ ಇದ್ದ ಹಾಗೆಯೇ ಓದಿ, ಸ್ವಂತ ಮಾತು ಸೇರಿಸಬೇಡಿ.

ಒಂದು ವರ್ಷವೋ, ಅದಕ್ಕಿಂತ ಸ್ವಲ್ಪ ಹೆಚ್ಚೋ ಕಳೆದಿತ್ತು. ನನ್ನ ಸಾಗರದ ಕ್ಲಿನಿಕ್ಕಿಗೆ ಒಬ್ಬ ಹೆಂಗಸು ಮಗಳ ಜೊತೆ ಬಂದರು. ಮಾಸ್ತಿಕಟ್ಟೆ ಕಡೆಯವರೇ, ಶಾಲೆಯಲ್ಲಿ ಬಿಸಿಯೂಟ ಮಾಡುವವರು. ಎಷ್ಟೋ ತಿಂಗಳಿಂದ ಸಾಂಬಾರಿನ ಖಾರ ನೋಡಲು ಆಗುತ್ತಿಲ್ಲ, ನಾಲಗೆಗೆ ಸೋಕಿದರೆ ಬೆಂಕಿ, ಜೊತೆಯ ಅಡುಗೆಯವರಿಂದಲೇ ರುಚಿ ನೋಡಿಸುತ್ತೇನೆ ಎಂದರು. “ಉಷ್ಣ ಅಂತ ಮಜ್ಜಿಗೆ ಕುಡಿದೆ, ಪುನರ್ಪುಳಿ ಕುಡಿದೆ. ಎಂತ ಕುಡಿದ್ರೂ ಅಷ್ಟೇ.”

“ತಂಬಾಕು ಅಭ್ಯಾಸ ಇದೆಯಾ?” ಎಂದೆ.

“ಛೇ, ಇಲ್ಲಪ್ಪ.”

ಬಾಯಿ ತೆರೆಯಿರಿ ಎಂದರೆ ಒಂದೂವರೆ ಬೆರಳಷ್ಟೇ ತೆರೆಯಿತು. ಎಡಗೆನ್ನೆಯ ಒಳಗೆ ಹಗ್ಗ ಎಳೆದಂತೆ ಬಿಳಿ ಪಟ್ಟಿ. ಅದರ ಹಿಂದೆ ಅಂಚು ಗಟ್ಟಿಯಾದ ಹುಣ್ಣು. ಟಾರ್ಚಿನ ಬೆಳಕಿನಲ್ಲಿ ಯಾರಿಗಾದರೂ ಕಾಣುವಂಥದ್ದು.

“ಎಲೆಅಡಿಕೆ?”

“ಅದು ಹಾಕ್ತೀನಿ. ಅದೇನು ಚಟ ಅಲ್ಲವಲ್ಲ.”

“ಜೊತೆಗೆ?”

“ಸುಣ್ಣ. ಒಂಚೂರು ಹೊಗೆಸೊಪ್ಪು.”

“ಅದೇ ತಂಬಾಕು, ಅಮ್ಮಾ.”

“ಅಯ್ಯ, ಹೊಗೆಸೊಪ್ಪು ಎಲ್ಲಿ, ತಂಬಾಕು ಎಲ್ಲಿ! ತಂಬಾಕು ಅಂದ್ರೆ ಗಂಡಸರು ಅಂಗೈಲಿ ತಿಕ್ಕೋದಲ್ವ, ಟಿವೀಲಿ ತೋರಿಸ್ತಾರಲ್ಲ, ಅದು.” ಡಾಕ್ಟರಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂದು ಮಗಳ ಕಡೆ ನೋಡಿ ನಕ್ಕರು. ನಗಲು ಬಾಯಿ ಪೂರ್ತಿ ತೆರೆಯಲಿಲ್ಲ.

ಮಗಳು ಪ್ಲಾಸ್ಟಿಕ್ ಚೀಲದಿಂದ ಹಳದಿ ಕಾರ್ಡು ತೆಗೆದಳು. “ನಮ್ಮಲ್ಲಿ ನರ್ಸಮ್ಮ ನೋಡಿ ಏನೂ ತೊಂದ್ರೆ ಇಲ್ಲ ಅಂದಿದ್ರು ಸರ್. ಅದಕ್ಕೇ ನಾವು ಸುಮ್ನೆ ಇದ್ವಿ.” ಮೊದಲ ಪ್ರಶ್ನೆಯ ಮುಂದೆ ‘ಇಲ್ಲ’ ಎಂಬಲ್ಲಿ ಗುರುತು. ಎರಡು, ಮೂರು ಖಾಲಿ. ನಾಲ್ಕರಿಂದ ಆರು, ಎಲ್ಲಕ್ಕೂ ಇಲ್ಲ. ಕೆಳಗೆ ಅವತ್ತು ಕಾರ್ಡು ಹಿಡಿದು ಎದ್ದಿದ್ದ ಆ ನರ್ಸಿನ ಸಹಿ. ನಾನು ಕಲಿಸಿದ ರೀತಿಯಲ್ಲೇ, ಒಂದು ತಪ್ಪೂ ಇಲ್ಲದೆ ತುಂಬಿದ ಕಾರ್ಡು.

ಆ ಹೆಂಗಸನ್ನು ಕರಾವಳಿಯ ದೊಡ್ಡಾಸ್ಪತ್ರೆಗೆ ಕಳಿಸಿದೆ. ಆಪರೇಷನ್ ಆಯಿತು, ಎಡದವಡೆಯ ಒಂದು ಭಾಗ ತೆಗೆದರು. ಅದಾದ ಸ್ವಲ್ಪ ದಿನಕ್ಕೆ ಆ ನರ್ಸಿಗೆ ಇಲಾಖೆಯ ಕಚೇರಿಯಿಂದ ಕಾರಣ ಕೇಳಿ ನೋಟಿಸ್ ಬಂತು. ಅದನ್ನು ಹಿಡಿದುಕೊಂಡು ಅವರು ಒಂದು ಮಧ್ಯಾಹ್ನ ನನ್ನ ಕ್ಲಿನಿಕ್ಕಿಗೆ ಬಂದರು. ರೋಗಿಗಳು ಕೂರುವ ಬೆಂಚಿನಲ್ಲೇ ಕೂತರು, ಒಳಗೆ ಬನ್ನಿ ಎಂದರೂ ಬರಲಿಲ್ಲ.

“ಅವ್ರು ಎಲೆಅಡಿಕೆ ಹಾಕೋದು ನಿಮಗೆ ಗೊತ್ತಿತ್ತಾ?” ಎಂದು ನಾನೇ ಮೊದಲು ಕೇಳಿದೆ. ಆ ಪ್ರಶ್ನೆಯೇ ಮೊದಲು ಯಾಕೆ ಬಂತೋ.

“ಗೊತ್ತಿಲ್ದೆ ಏನು ಸರ್. ಅವ್ರ ಮನೆ ಜಗಲೀಲಿ ಕೂತು ನಾನೂ ಹಾಕಿದೀನಿ.”

“ಮತ್ತೆ?”

“ಮತ್ತೆ ಏನು? ಕಾರ್ಡಲ್ಲಿ ಇದ್ದದ್ದು ಕೇಳ್ದೆ, ಅವ್ರು ಇಲ್ಲ ಅಂದ್ರು, ಇಲ್ಲ ಅಂತ ಬರೆದೆ. ಸ್ವಂತ ಬುದ್ಧಿ ಸೇರಿಸಬೇಡಿ ಅಂತ ನೀವೇ ಹೇಳಿದ್ರಲ್ಲ.”

“ಮಾತು ಅಂದಿದ್ದೆ. ಸ್ವಂತ ಮಾತು.”

“ಬುದ್ಧಿ ಅಂದ್ರಿ ಸರ್.”

ಹಾಗೆ ಅಂದಿದ್ದರೂ ಅಂದಿರಬಹುದು ಎಂದು ಈಗ ಅನ್ನಿಸುತ್ತದೆ. ಅವತ್ತು ಅನ್ನಿಸಲಿಲ್ಲ.

ಆಮೇಲೆ ಅವರು ಬಂದ ಕೆಲಸ ಹೇಳಿದರು. “ಹೊಗೆಸೊಪ್ಪು ಅಂತ ಹಾಕಿ ಅಂತ ನಾನು ಅವತ್ತೇ ಎದ್ದು ಹೇಳಿದ್ದೆ. ಅದೊಂದು ನೀವು ಬರೆದುಕೊಟ್ರೆ ಸಾಕು. ತಪ್ಪು ನಿಮ್ದು ಅಂತ ಬರೀಬೇಡಿ ಬೇಕಾದ್ರೆ. ನಾನು ಹೇಳಿದ್ದೆ ಅಂತ ಅಷ್ಟೇ.”

ನಾನು ಬರೆದುಕೊಟ್ಟೆ. ಕಾರ್ಡಿನ ಭಾಷೆಯ ಹೊಣೆ ನನ್ನದು ಎಂದು ಬರೆದೆ, ಅದನ್ನು ಬರೆಯುವಾಗ ಒಳ್ಳೆಯವನಾದಂತೆಯೂ ಅನ್ನಿಸಿತು. ಅದರ ಕೆಳಗೆ, ತರಬೇತಿಯ ಸಮಯದಲ್ಲಿ ಈ ಬಗ್ಗೆ ಆಕ್ಷೇಪ ಬಂದದ್ದು ನನಗೆ ನೆನಪಿಲ್ಲ ಎಂದು ಬರೆದೆ. ಸುಳ್ಳು ಬರೆಯಬಾರದು ಎಂಬ ಕಾರಣಕ್ಕೆ ಹಾಗೆ ಬರೆದೆ. ಹಾಗೆ ಅಂದುಕೊಂಡಿದ್ದೆ. ಹೆದರಿದ್ದೆನೇನೋ. ಎರಡೂ ಇದ್ದಾಗ ಯಾವುದು ಪೆನ್ನು ಹಿಡಿದಿತ್ತು ಎಂದು ತಿಳಿಯುವುದು ಹೇಗೆ?

ಅವರು ನಿಂತುಕೊಂಡೇ ಓದಿದರು. “ನನ್ನ ಜೋಕು ನೆನಪಿದೆಯಾ ಸರ್? ಪ್ರಸಾದದ್ದು?”

“ಇದೆ.”

“ನಗು ನೆನಪಿದೆ, ಮಾತು ನೆನಪಿಲ್ಲ. ಆಯ್ತು, ಬರ್ತೀನಿ.” ಕಾಗದವನ್ನು ಮಡಿಸಿ ಬೆಂಚಿನ ಮೇಲೆಯೇ ಇಟ್ಟು ಹೋದರು.

ನಾನು ಆ ಕಾಗದವನ್ನು ತಿದ್ದಿ ಕಳಿಸಲಿಲ್ಲ. ಅವರು ನೋಟಿಸಿಗೆ ಏನು ಉತ್ತರ ಕೊಟ್ಟರೋ ತಿಳಿಯದು. ಮಳೆಗಾಲ ಮುಗಿಯುವ ಹೊತ್ತಿಗೆ ಅವರನ್ನು ದೂರದ ಜಿಲ್ಲೆಗೆ ಹಾಕಿದ್ದಾರೆ ಎಂದು ಕೇಳಿದೆ. ಬಿಸಿಯೂಟದ ಆ ಹೆಂಗಸಿನ ಕಾಯಿಲೆ ಕುತ್ತಿಗೆಯ ಗಂಟಿನಲ್ಲಿ ಮತ್ತೆ ಕಾಣಿಸಿಕೊಂಡಿತು. ಕೊನೆಯ ಸಲ ಕ್ಲಿನಿಕ್ಕಿಗೆ ಬಂದಾಗ ಅವರಿಗೆ ಮಾತು ಹೊರಡುತ್ತಿರಲಿಲ್ಲ. ನರ್ಸಮ್ಮನಿಗೆ ಯಾಕೆ ತೊಂದರೆ ಕೊಟ್ಟರು ಎಂದು ಅವರು ಮಗಳ ಫೋನಿನಲ್ಲಿ ಒತ್ತಿ ಬರೆದು ನನಗೆ ತೋರಿಸಿದರು. ‘ಅವರದ್ದೇನೂ ತಪ್ಪಿಲ್ಲ, ನಾನೇ ಇಲ್ಲ ಅಂದೆ.’ ನಾನು ತಲೆಯಾಡಿಸಿದೆ. ಅದೂ ಒಂದು ಉತ್ತರ ಎಂಬಂತೆ. ಎರಡು ತಿಂಗಳಿಗೆ ತೀರಿಕೊಂಡರು.

ಆಮೇಲೆ ನಾನು ಉಳಿದ ಕಾರ್ಡುಗಳನ್ನು ಹುಡುಕಲು ಹೊರಟೆ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ‘ಇಲ್ಲ’ ಎಂದವರನ್ನೆಲ್ಲ ಮತ್ತೆ ಕರೆಸಿ ನೋಡಬೇಕು ಎಂದು ಕಚೇರಿಯಲ್ಲಿ ಕೇಳಿದೆ. ಕಾರ್ಡುಗಳನ್ನು ರೋಗಿಗಳ ಕೈಗೇ ಕೊಟ್ಟಿದೆ, ನಮ್ಮಲ್ಲಿ ಇರುವುದು ಒಟ್ಟು ಮೊತ್ತ ಮಾತ್ರ, ಹೆಸರಿಲ್ಲ ಎಂದರು. ಕಾರ್ಡು ರೋಗಿಯ ಬಳಿಯೇ ಇರಲಿ ಎಂದದ್ದು ಕೂಡ ನಾನೇ. ಆ ವಾರಗಳಲ್ಲಿ ಬಸ್ಸಿನಲ್ಲಿ, ಸಂತೆಯಲ್ಲಿ ಎಲೆಅಡಿಕೆ ಹಾಕಿದವರ ಬಾಯಿಯನ್ನೇ ನೋಡುತ್ತಿದ್ದೆ. ಒಬ್ಬ ಮುದುಕಿ ಇಕ್ಕೇರಿ ರಸ್ತೆಯಲ್ಲಿ, “ಎಂತಕ್ಕೆ ಹಂಗೆ ನೋಡ್ತೀಯ, ಬೇಕಾರೆ ತಗ” ಎಂದು ಎಲೆಯ ಚೀಲವನ್ನೇ ನನ್ನ ಮುಂದೆ ಚಾಚಿದ್ದರು. ಟಾರ್ಚು ಜೇಬಿನಲ್ಲೇ ಇತ್ತು. ಏನೆಂದು ಕೇಳಬೇಕೋ ತಿಳಿಯದೆ ಮುಂದೆ ಹೋದೆ.

ಇತ್ತೀಚೆಗೆ ಫೋನಿನಲ್ಲಿ ಹೊಸನಗರದ ತರಬೇತಿಯ ಒಂದು ಫೋಟೊ ಸಿಕ್ಕಿತು. ನನ್ನ ನೆನಪಿನಲ್ಲಿ ನದಿ ಕಾಣುವ ಬದಿಯಲ್ಲಿ ಕಿಟಕಿಯೇ ಇಲ್ಲ, ಬರೀ ಗೋಡೆ. ಸುತ್ತ ಎಲ್ಲರೂ ನಗುತ್ತಿದ್ದಾರೆ. ಎರಡನೇ ಸಾಲಿನಲ್ಲಿ ಅವರು ನಿಂತಿದ್ದಾರೆ, ಕೈಯಲ್ಲಿ ಹಳದಿ ಕಾರ್ಡು, ಬಾಯಿ ತೆರೆದಿದೆ. ದೊಡ್ಡದು ಮಾಡಿ ನೋಡಿದೆ. ಮೇಲಿನ ಸಾಲಿನಲ್ಲಿ ಎಡಗಡೆ ಒಂದು ಹಲ್ಲು ಇಲ್ಲದ್ದು ಕಾಣುತ್ತದೆ, ಕೆಳಗಿನ ವಸಡು ಸ್ವಲ್ಪ ಊದಿದಂತಿದೆ. ತೆರೆದ ಬಾಯಿಗಳನ್ನು ನೋಡುವುದೇ ನನ್ನ ಕೆಲಸ. ಆದರೂ ಅವರು ನಗುತ್ತಿದ್ದಾರೋ ಮಾತಾಡುತ್ತಿದ್ದಾರೋ ಹೇಳಲಾಗಲಿಲ್ಲ. ಫೋಟೊದಲ್ಲಿ ನಾನಿಲ್ಲ. ಬಹುಶಃ ಅದನ್ನು ತೆಗೆದವನು ನಾನೇ, ಫೋನಿನ ಪರದೆ ನೋಡುತ್ತಾ ನಿಂತವನು.

ಅವರಿಗೆ ಫೋನ್ ಮಾಡಿ ಇನ್ನೊಮ್ಮೆ ಕೇಳಬಹುದು. ಅವರು ಹೇಳಿದ್ದೆ ಎನ್ನುತ್ತಾರೆ. ನಾನು ನಂಬುತ್ತೇನೆ. ಆದರೆ ನಂಬುವುದು ಕೇಳಿಸಿಕೊಂಡಂತಲ್ಲ. ಅವತ್ತು ಆ ಮಾತು ನನ್ನ ಕಿವಿಗೆ ಬಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ.